ಬಲಗಾಲಿನ ಬಸಿರು

ಸತ್ತವರ ಬಗ್ಗೆ ಕೆಟ್ಟದ್ದು ಬರೆಯಬಾರದು ಎಂದು ನನ್ನ ಮಕ್ಕಳು ಹೇಳುತ್ತಾರೆ. ಬರೆಯುವವಳು ನಾನು, ಬಂದರೆ ಪಾಪ ನನಗೇ ಬರಲಿ. ಅತ್ತೆ ತೀರಿಕೊಂಡು ಬಹಳ ವರ್ಷಗಳಾದವು. ವರ್ಷಕ್ಕೊಮ್ಮೆ ಅವರ ಸಮಾಧಿಗೆ ಹೋಗಿ ಪತ್ರೆ ಇಟ್ಟು ಬರುತ್ತೇನೆ. ಸೊಸೆಯಾದವಳು ಮಾಡಬೇಕಾದದ್ದನ್ನೆಲ್ಲ ಮಾಡಿದ್ದೇನೆ, ಕ್ಷಮಿಸುವುದೊಂದನ್ನು ಬಿಟ್ಟು. ಅದು ನನ್ನಿಂದ ಆಗಲಿಲ್ಲ, ಆಗಬೇಕೆಂದು ನನಗೆ ಅನ್ನಿಸಿದ್ದೂ ಇಲ್ಲ. ನನ್ನ ಮೂರನೆಯ ಬಸಿರಿನಲ್ಲಿ ಅವರು ನನಗೆ ಏನು ಮಾಡಿದರು, ನಾನು ಅವರಿಗೆ ಏನು ಮಾಡಿದೆ ಎಂಬುದನ್ನು ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ.

ನಾನು ಹುಟ್ಟಿದ್ದು ಹಿರಿಯೂರಿನ ಹತ್ತಿರದ ಆದಿವಾಲದಲ್ಲಿ, ಕೊಟ್ಟದ್ದು ಹೊಸದುರ್ಗಕ್ಕೆ. ಮಾರಿಕಣಿವೆಯಲ್ಲಿ ಅಣೆಕಟ್ಟೆ ಏಳುತ್ತಿದ್ದ ವರ್ಷಗಳು ಅವು. ನನ್ನ ಗಂಡ ಎರಡು ಗಾಡಿ ಇಟ್ಟುಕೊಂಡು ಅಲ್ಲಿಗೆ ಸುಣ್ಣ ಸಾಗಿಸುತ್ತಿದ್ದರು. ಹೋದರೆ ಹದಿನೈದು ದಿನ ಮನೆಯ ಕಡೆ ಬರುತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದು ಅತ್ತೆ, ನಾನು, ನನ್ನ ಇಬ್ಬರು ಹೆಣ್ಣುಮಕ್ಕಳು. ದೊಡ್ಡದಕ್ಕೆ ಐದು ವರ್ಷ, ಚಿಕ್ಕದಕ್ಕೆ ಮೂರು. ನನ್ನ ತಾಯಿ ತೀರಿಕೊಂಡಿದ್ದರಿಂದ ಬಾ ಎಂದು ಕರೆಯುವ ತವರು ನನಗಿರಲಿಲ್ಲ. ಅತ್ತೆಗೆ ಅದು ಚೆನ್ನಾಗಿ ಗೊತ್ತಿತ್ತು.

ಐದನೆಯ ತಿಂಗಳಲ್ಲಿ ನೋವು ಶುರುವಾಯಿತು. ಹೊಟ್ಟೆಯ ನೋವಲ್ಲ. ಹೊಟ್ಟೆಯ ಕೆಳಗೆ, ಎರಡು ತೊಡೆಗಳು ಕೂಡುವಲ್ಲಿ ಒಂದು ಮೂಳೆ ಇದೆಯಲ್ಲ, ಅದನ್ನು ಯಾರೋ ಎರಡು ಕಡೆಯಿಂದ ಹಿಡಿದು ಸೀಳಿದ ಹಾಗೆ. ಅಲ್ಲಿಂದ ಬಲಗಡೆಯ ಸೊಂಟಕ್ಕೆ, ಹಿಂದೆ ಕುಂಡೆಯವರೆಗೆ ಹರಿಯುತ್ತಿತ್ತು. ಮಲಗಿದಲ್ಲಿ ಮಗ್ಗುಲು ಬದಲಿಸುವಾಗ ಒಳಗೆ ಕಟಕ್ ಎಂದು ಸದ್ದಾಗುತ್ತಿತ್ತು. ಒಂಟಿಕಾಲಿನ ಮೇಲೆ ನಿಂತು ಇನ್ನೊಂದು ಕಾಲು ತೊಳೆಯುವುದು ಆಗುತ್ತಿರಲಿಲ್ಲ. ಬಲಗಾಲನ್ನು ಒಂದು ಗೇಣು ಮೇಲೆತ್ತಬೇಕಾದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮೊದಲಿನ ಎರಡು ಬಸಿರಿನಲ್ಲಿ ಹೀಗಾಗಿರಲಿಲ್ಲ. ಹಾಗಾಗಿ ನನಗೆ ಭಯವೂ ಆಯಿತು, ಅತ್ತೆಗೆ ಹೇಳಿದೆ.

ಅವರು ಕಡಲೆ ಹಸನು ಮಾಡುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ.

"ನಾನು ಎಂಟು ಹೆತ್ತೀನಿ. ಬೀಸ್ತಾ ಬೀಸ್ತಾನೇ ಬ್ಯಾನೆ ಬಂದು, ಕಲ್ಲು ಸರಿಸಿ ಅಲ್ಲೇ ಹೆತ್ತೀನಿ. ಕಾಲು ನೋವು ಅಂತ ಯಾವತ್ತಾರ ಅಂದಿದ್ದು ಕೇಳೀಯೇನೆ? ಬಸುರಿ ಕುಂತ್ರೆ ಕೂಸೂ ಕುಂತ್ಕಂತೈತೆ. ಎದ್ದು ಬೀಸು, ಎಲ್ಲಾ ಸಡ್ಲ ಆಗ್ತೈತೆ."

ಅವತ್ತಿನಿಂದ ರಾಗಿ ಬೀಸುವ ಕೆಲಸ ಹೆಚ್ಚಾಯಿತು. ಬೀಸುವ ಕಲ್ಲಿನ ಮುಂದೆ ಕೂರುವ ರೀತಿ ಗೊತ್ತಿರುವವರಿಗೆ ನಾನು ಹೇಳಬೇಕಾಗಿಲ್ಲ. ಒಂದು ಕಾಲು ಚಾಚಬೇಕು, ಒಂದು ಕಾಲು ಮಡಚಬೇಕು, ತೊಡೆಗಳು ಅಗಲವಾಗಬೇಕು, ಗೂಟ ಹಿಡಿದು ಸೊಂಟ ತಿರುಗಿಸಬೇಕು. ನನ್ನ ನೋವಿಗೆ ಬೇಡವಾದದ್ದೆಲ್ಲ ಆ ಒಂದು ಭಂಗಿಯಲ್ಲೇ ಸೇರಿಕೊಂಡಿತ್ತು. ಬೀಸಿ ಮುಗಿದ ಮೇಲೆ ನಾನು ಎದ್ದೇಳುತ್ತಿರಲಿಲ್ಲ, ಗೋಡೆಯವರೆಗೆ ತೆವಳಿಕೊಂಡು ಹೋಗಿ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಅದನ್ನು ನೋಡಿ ಅತ್ತೆ ಪಕ್ಕದ ಮನೆಯವರಿಗೆ, "ನಮ್ಮನೇಲಿ ದಿನಾ ಬಯಲಾಟ, ದುಡ್ಡಿಲ್ದೆ ನೋಡ್ಬೋದು, ಬರ್ರಿ" ಎನ್ನುತ್ತಿದ್ದರು. ಆ ಹೆಂಗಸರು ನಗುತ್ತಿದ್ದರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಗಂಡ ಬಂದಾಗ ಅವರಿಗೂ ಹೇಳಿದೆ. ಒಳ್ಳೆಯ ಮನುಷ್ಯ, ಆದರೆ ಅವ್ವನ ಮುಂದೆ ಬಾಯಿ ಸತ್ತವರು. "ಸ್ವಲ್ಪ ತಡ್ಕೋ, ಇನ್ನು ನಾಕು ತಿಂಗ್ಳು ತಾನೆ" ಎಂದರು. ತಡೆದುಕೊಳ್ಳುವವಳು ನಾನಾದ್ದರಿಂದ ನಾಲ್ಕು ತಿಂಗಳು ಅವರಿಗೆ ಸ್ವಲ್ಪವಾಗಿ ಕಂಡಿತು.

ಇಷ್ಟೇ ಆಗಿದ್ದರೆ ಎಲ್ಲ ಸೊಸೆಯರ ಹಾಗೆ ನಾನೂ ಅತ್ತು ಮರೆಯುತ್ತಿದ್ದೆನೋ ಏನೋ. ಆದರೆ ನಮ್ಮ ಮನೆಯಲ್ಲಿ ಹೊಸ್ತಿಲು ಇತ್ತು.

ನಮ್ಮ ಕಡೆ ಹಳೆಯ ಮನೆಗಳ ಹೊಸ್ತಿಲು ಮೊಣಕಾಲಿನ ಅರ್ಧದಷ್ಟು ಎತ್ತರ. ಅದನ್ನು ತುಳಿಯುವ ಹಾಗಿಲ್ಲ, ದಾಟಬೇಕು. ಬಸುರಿಯಾದವಳು ಹೊಸ್ತಿಲು ದಾಟುವಾಗ ತನಗೆ ಅರಿವಿಲ್ಲದೆ ಬಲಗಾಲು ಮೊದಲು ಎತ್ತಿದರೆ ಗಂಡು, ಎಡಗಾಲು ಎತ್ತಿದರೆ ಹೆಣ್ಣು ಎಂದು ಹಿರಿಯರು ಹೇಳುತ್ತಿದ್ದರು. ಬೇಕೆಂದೇ ಬಲಗಾಲು ಇಟ್ಟರೆ ಅದು ಲೆಕ್ಕಕ್ಕಿಲ್ಲ. ಅದಕ್ಕೇ ಅತ್ತೆ ನಡುಮನೆಯಲ್ಲಿ ಕುಳಿತು, ನಾನು ಯಾವುದೋ ಕೆಲಸದಲ್ಲಿ ಮುಳುಗಿದ್ದಾಗ, "ಲೇ, ಬಾರೆ ಇಲ್ಲಿ!" ಎಂದು ಇದ್ದಕ್ಕಿದ್ದ ಹಾಗೆ ಕೂಗುತ್ತಿದ್ದರು. ನಾನು ಗಾಬರಿಯಾಗಿ ಬರುತ್ತಿದ್ದೆ. ಅವರು ನನ್ನ ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದರು. ಬಲಗಾಲು ಏಳದವಳು ಯಾವ ಕಾಲು ಎತ್ತಿಯಾಳು? ಬಾಗಿಲ ಚೌಕಟ್ಟು ಹಿಡಿದು, ಎಡಗಾಲು ಆಚೆ ಹಾಕಿ, ಬಲಗಾಲನ್ನು ಹಿಂದಿನಿಂದ ಎಳೆದುಕೊಳ್ಳುತ್ತಿದ್ದೆ. ಅವರು "ಹೂಂ, ಹೋಗು" ಎನ್ನುತ್ತಿದ್ದರು, ಕರೆದದ್ದು ಯಾಕೆ ಎಂದು ಹೇಳುತ್ತಲೇ ಇರಲಿಲ್ಲ.

ಹೀಗೆ ಒಂದು ತಿಂಗಳು ನೋಡಿದರು. ಆರನೆಯ ತಿಂಗಳು ನಡೆಯುತ್ತಿದ್ದಾಗ ಮಗ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ನಾನು ಮುದ್ದೆ ಬಡಿಸುತ್ತಿರುವಾಗಲೇ ಮಾತು ತೆಗೆದರು.

"ಇದೂ ಹೆಣ್ಣೇ ಕಣಪ್ಪ. ಮೂವತ್ತು ದಿನ ನೋಡೀನಿ, ಒಂದ್ಸಲನಾರ ಬಲಗಾಲು ಎತ್ತಿಲ್ಲ. ಹೊಳಲ್ಕೆರೆ ನಿನ್ನ ಸೋದರಮಾವಂಗೆ ಹೇಳಿ ಕಳ್ಸೀನಿ. ಅವನ ಕೊನೇ ಮಗಳು ದೊಡ್ಡೋಳಾಗ್ಯಾಳೆ. ಸುಗ್ಗಿ ಕಳೀತಿದ್ದಂಗೆ ತಂದ್ಕಳಾಣ. ಇವಳೂ ಇರ್ಲಿ, ಬೀಸೋಕೆ ಕುಟ್ಟೋಕೆ ಆಗ್ತಾಳೆ."

ನನ್ನ ಗಂಡ ಮುದ್ದೆಯನ್ನು ಬೆರಳಿನಿಂದ ಒತ್ತುತ್ತ ಕುಳಿತರು. ಬೇಡ ಎನ್ನಲಿಲ್ಲ. ನಾನು ಸಾರಿನ ಸೌಟು ಹಿಡಿದು ನಿಂತಿದ್ದೆ. ಅವತ್ತು ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ನನ್ನ ನೋವಿನ ಕಾಲನ್ನೇ ಹಿಡಿದುಕೊಂಡು ನನ್ನ ತಲೆಯ ಮೇಲೆ ಸವತಿಯನ್ನು ತರುತ್ತಿದ್ದರು. ನನ್ನ ಇಬ್ಬರು ಮಕ್ಕಳು, ಹುಟ್ಟಲಿರುವ ಇನ್ನೊಂದು, ಎಲ್ಲರೂ ಆ ಮನೆಯ ಹಿತ್ತಿಲಿಗೆ ಬೀಳುವುದು ನನ್ನ ಕಣ್ಣಿಗೆ ಕಟ್ಟಿತು. ಈ ಮುದುಕಿಗೆ ಇದರ ರುಚಿ ತೋರಿಸದೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡೆ. ಹೇಗೆ ಎಂಬುದು ಮಾತ್ರ ತಿಳಿದಿರಲಿಲ್ಲ.

ತಿಳಿಸಿಕೊಟ್ಟವಳು ಬೀಸುವ ಕಲ್ಲು ಕುಟ್ಟುವ ಹೆಂಗಸು. ಕಲ್ಲು ಸವೆದು ನುಣುಪಾದರೆ ರಾಗಿ ಹಿಟ್ಟಾಗುವುದಿಲ್ಲ, ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಬೇಕು. ವರ್ಷಕ್ಕೆರಡು ಸಲ ಬರುತ್ತಿದ್ದಳು. ಆ ಸಲ ಬಂದಾಗ ಅವಳೂ ಬಸುರಿ, ಎಂಟು ತಿಂಗಳು. ಮಾರಿಕಣಿವೆಯಲ್ಲಿ ಕಲ್ಲು ಹೊತ್ತು ಬಂದಿದ್ದಳಂತೆ. ಅತ್ತೆ ಹಿತ್ತಿಲಿಗೆ ಹೋಗಿದ್ದ ಹೊತ್ತು. ಆಕೆ ಅಂಗಳದಲ್ಲಿ ಕುಳಿತು ಕಲ್ಲು ಕುಟ್ಟಿ, ಕೆಲಸ ಮುಗಿಸಿ, ಗೋಡೆ ಹಿಡಿಯದೆ, ಮುಲುಗದೆ ಎದ್ದು ನಿಂತಳು. ನಾನು ದಂಗಾದೆ.

"ನಿಂಗೆ ಇಲ್ಲಿ ನೋಯಲ್ವೇನೆ?" ಎಂದು ನನ್ನ ಕೆಳಹೊಟ್ಟೆಯ ಕೆಳಗೆ ಕೈ ತೋರಿಸಿದೆ.

"ನೋಯ್ದೆ ಏನವ್ವಾ? ಹೋದ ತಿಂಗ್ಳು ಕಲ್ಲು ಹೊರೋವಾಗ ಕಾಲು ಕಿತ್ತು ಬರ್ತಿತ್ತು. ಅಲ್ಲಿ ಮುದುಕಿ ಒಬ್ಳು ಕಟ್ಟು ಹಾಕಿದ್ಲು. ನೋಡ್ರಿ." ಸೀರೆಯ ಮೇಲೆಯೇ ನನ್ನ ಕೈ ಹಿಡಿದು ತನ್ನ ಸೊಂಟದ ಮೇಲಿಟ್ಟಳು. ಒಳಗೆ ಗೇಣಗಲದ ಬಟ್ಟೆ ಬಿಗಿಯಾಗಿ ಸುತ್ತಿತ್ತು. ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ, ತೊಡೆಯ ಮೂಳೆ ಕೈಗೆ ಸಿಗುವಲ್ಲಿ, ಕುಂಡೆಯನ್ನು ಸೇರಿಸಿ.

"ಹೊಟ್ಟೆ ಮ್ಯಾಲೆ ಕಟ್ಬ್ಯಾಡ್ರಿ, ಕೂಸಿಗೆ ಉಸ್ರು ಕಟ್ತೈತೆ. ಕೆಳಗೆ ಕಟ್ರಿ. ಒಡೆದ ಗಡಿಗೆಗೆ ಹುರಿ ಬಿಗಿಯಲ್ವಾ, ಹಂಗೆ. ಏಳೋವಾಗ ಎರಡೂ ಮೊಣಕಾಲು ಜೋಡಿಸ್ಕಂಡು ಮಗ್ಗುಲಾಗಿ ಏಳ್ರಿ. ಮಲಗೋವಾಗ ತೊಡೆ ನಡುವೆ ಹಳೇ ಬಟ್ಟೆ ಗಂಟು ಇಟ್ಕಳ್ರಿ. ನೆಲಕ್ಕೆ ಕುಂದ್ರಬ್ಯಾಡ್ರಿ, ಮಣೆ ಮ್ಯಾಲೆ ಕುಂತ್ಕಳ್ರಿ. ಬೀಸೋದು ಮಾತ್ರ ಬ್ಯಾಡ್ರವ್ವಾ."

"ಅದು ನನ್ನ ಕೈಲಿಲ್ಲ" ಎಂದೆ. ಅವಳು ಹಿತ್ತಿಲ ಕಡೆ ಒಮ್ಮೆ ನೋಡಿ ತನ್ನ ಉಳಿ ಸುತ್ತಿಗೆ ಗಂಟು ಕಟ್ಟಿದಳು. ಅವಳಿಗೂ ಒಬ್ಬ ಅತ್ತೆ ಇದ್ದಿರಬೇಕು.

ಬಟ್ಟೆಗೆ ನಾನು ದೂರ ಹೋಗಲಿಲ್ಲ. ಗಂಡನ ಹಳೆಯ ರುಮಾಲು ಪೆಟ್ಟಿಗೆಯಲ್ಲಿತ್ತು. ಉದ್ದವಾಗಿ, ಗಟ್ಟಿ ನೂಲಿನದಾಗಿ, ಹೇಳಿ ಮಾಡಿಸಿದ ಹಾಗಿತ್ತು. ಅವರ ತಲೆಯ ಮೇಲಿದ್ದಾಗ ನನಗಾಗಿ ಏನೂ ಮಾಡದ ರುಮಾಲು ನನ್ನ ಸೊಂಟಕ್ಕೆ ಬಂದ ಮೇಲೆ ಕೆಲಸಕ್ಕೆ ಬಂತು. ಮೊದಲ ದಿನ ಅದನ್ನು ಬಿಗಿದು ನಾಲ್ಕು ಹೆಜ್ಜೆ ಹಾಕಿದಾಗ ನನಗೆ ನಂಬಿಕೆಯೇ ಬರಲಿಲ್ಲ. ನೋವು ಹೋಗಿರಲಿಲ್ಲ, ಆದರೆ ಮೂಳೆಗಳು ಒಂದನ್ನೊಂದು ಬಿಟ್ಟು ಹೋಗುತ್ತಿರಲಿಲ್ಲ. ಹಿತ್ತಿಲ ಬಾಗಿಲಿಗೆ ಹೋಗಿ, ಯಾರೂ ಇಲ್ಲದ್ದು ನೋಡಿ, ಉಸಿರು ಬಿಗಿಹಿಡಿದು ಬಲಗಾಲು ಎತ್ತಿದೆ. ಎದ್ದಿತು. ಹೊಸ್ತಿಲು ದಾಟಿತು. ನೋವಿಗೆ ಹಲ್ಲು ಕಚ್ಚಿಕೊಂಡೇ ನಕ್ಕೆ. ಏನು ಮಾಡಬೇಕು ಎಂಬುದು ಆ ಕ್ಷಣದಲ್ಲಿ ಹೊಳೆಯಿತು.

ಆದರೆ ಮರುದಿನವೇ ಬಲಗಾಲು ತೋರಿಸಿದರೆ ಅತ್ತೆ ನಂಬುವವರಲ್ಲ. ಬೇಕೆಂದೇ ಇಟ್ಟಳು ಎನ್ನುತ್ತಿದ್ದರು. ಅವರು ತಾವೇ ಏನಾದರೂ ಮಾಡಬೇಕು, ಅದರಿಂದಲೇ ಹೀಗಾಯಿತು ಎಂದು ಅವರ ಎದೆ ಉಬ್ಬಬೇಕು, ಆಗ ಮಾತ್ರ ನಂಬುತ್ತಾರೆ. ಅವರ ಗುಣ ನನಗೆ ಗೊತ್ತಿತ್ತು. ಹನ್ನೆರಡು ದಿನ ಎಡಗಾಲನ್ನೇ ತೋರಿಸುತ್ತ ಕಾದೆ. ಆ ದಿನಗಳಲ್ಲಿ ಅವರ ಕಣ್ಣು ತಪ್ಪಿಸಿ ಹಿತ್ತಿಲ ಬಾಗಿಲಲ್ಲಿ ಅಭ್ಯಾಸ ಮಾಡಿದೆ. ನೀರಿನ ಕೊಡ ಹಿಡಿದು, ಮೊರ ಹಿಡಿದು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಕೂಗಿದ ಕೂಡಲೇ ತಿರುಗಿ ಬಲಗಾಲು ಏಳುವ ಹಾಗೆ. ದೊಡ್ಡ ಮಗಳು, "ಯಾಕವ್ವ ಅಲ್ಲೇ ಹೋಗ್ತೀಯ ಬರ್ತೀಯ?" ಎಂದು ಕೇಳಿದಳು. ಆಟ ಎಂದೆ.

ಹದಿಮೂರನೆಯ ದಿನ ಸೋಮವಾರ. ಅತ್ತೆ ಮಠಕ್ಕೆ ಹೋಗಿ ಅಯ್ಯನವರಿಂದ ವಿಭೂತಿ ತಂದು, ಮೂರೂ ಬಾಗಿಲುಗಳ ಹೊಸ್ತಿಲಿಗೆ ಬಳಿದು, ನನ್ನ ಹೊಟ್ಟೆಗೂ ಒಂದಿಷ್ಟು ಒರೆಸಿದರು. ಹೊಳಲ್ಕೆರೆಗೆ ಹೇಳಿಕಳಿಸಿದ್ದರೂ ಒಳಗೊಳಗೆ ಮೊಮ್ಮಗನ ಆಸೆ ಬಿಟ್ಟಿರಲಿಲ್ಲ ಎಂದು ನನಗೆ ಅನಿಸಿದ್ದು ನಿಜವಾಯಿತು. ಮರುದಿನ ಬೆಳಿಗ್ಗೆ ನಾನು ಒಲೆಗೆ ಸೌದೆ ಹಾಕುತ್ತಿದ್ದಾಗ ಕೂಗಿದರು, "ಲೇ, ಬಾರೆ ಇಲ್ಲಿ!"

ಸೌದೆ ಕೈಯಲ್ಲೇ ಹಿಡಿದು, ತಲೆಯ ಸೆರಗು ಜಾರುತ್ತಿದ್ದಂತೆ, ಏನೂ ಗೊತ್ತಿಲ್ಲದವಳ ಹಾಗೆ ಬಂದು ಬಲಗಾಲು ಎತ್ತಿ ದಾಟಿದೆ.

ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಹೋಗು" ಎಂದರು, ಆದರೆ ದನಿ ಬೇರೆಯಾಗಿತ್ತು. ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಸಲ ಕರೆದರು. ನಾಲ್ಕು ಸಲವೂ ಬಲಗಾಲು. ಸಂಜೆ ಪಕ್ಕದ ಮನೆಯವರನ್ನು ಕರೆದು, "ಈಗ ಕಾಲು ತಿರುಗೈತೆ! ಅಯ್ಯನೋರ ವಿಭೂತಿ ನಾನೇ ಕೈಯಾರೆ ಹಚ್ಚಿದ್ದು!" ಎಂದು ಹೇಳುತ್ತಿದ್ದದ್ದು ನನಗೆ ಅಡಿಗೆಮನೆಯವರೆಗೆ ಕೇಳಿಸಿತು. ನನ್ನ ಹೊಟ್ಟೆ ತಣ್ಣಗಾಯಿತು.

ಮಾರನೆಯ ದಿನದಿಂದ ರಾಗಿಯನ್ನು ಬೀಸುವುದಕ್ಕೆ ಆಳಿಗೆ ಕೊಟ್ಟರು. ನನಗೆ ಮಣೆ ಬಂತು. ಬೆಣ್ಣೆ ಬಂತು. "ಭಾರ ಎತ್ತಬ್ಯಾಡ, ಬಲಗಡೆ ಮಗ್ಗುಲಾಗಿ ಮಲಕ್ಕೋ" ಎಂಬ ಉಪಚಾರ ಬಂತು. ಎರಡು ತಿಂಗಳು ನಾನು ಅತ್ತು ಕರೆದು ಕೇಳಿದ್ದನ್ನೆಲ್ಲ ನನ್ನ ಬಲಗಾಲು ಒಂದೇ ದಿನದಲ್ಲಿ ತಂದುಕೊಟ್ಟಿತು. ನನ್ನ ನೋವಿಗೆ ಆ ಮನೆಯಲ್ಲಿ ಒಂದು ಮಣೆಯಷ್ಟೂ ಬೆಲೆ ಇರಲಿಲ್ಲ, ಇನ್ನೂ ಹುಟ್ಟದ, ಹುಟ್ಟುವುದೋ ಇಲ್ಲವೋ ಗೊತ್ತಿಲ್ಲದ ಗಂಡಿಗೆ ಬೆಣ್ಣೆಯ ಬೆಲೆ ಇತ್ತು. ಆ ಬೆಣ್ಣೆಯನ್ನು ನಾನು ಬಿಡದೆ ತಿಂದೆ. ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ಮರೆಯಲ್ಲಿ ತಿನ್ನಿಸಿದೆ. ಅಜ್ಜಿ ಗಂಡಿಗೆಂದು ಕೊಟ್ಟದ್ದನ್ನು ಅವರ ಬಾಯಿಗೆ ಇಡುವಾಗ ಆಗುತ್ತಿದ್ದ ಖುಷಿಯೇ ಬೇರೆ.

ಹೊಳಲ್ಕೆರೆಯಿಂದ ಅತ್ತೆಯ ತಮ್ಮ ಎಂಟನೆಯ ತಿಂಗಳ ಮೊದಲಲ್ಲಿ ಬಂದರು. ಅಡಿಕೆ ವ್ಯಾಪಾರದವರು, ಗತ್ತಿನ ಮನುಷ್ಯ. ಎಲೆ ಅಡಿಕೆ, ಬೆಲ್ಲ, ತೆಂಗಿನಕಾಯಿ ಎಲ್ಲ ಗಾಡಿಯಲ್ಲಿ ತಂದಿದ್ದರು, ಮಾತು ಗಟ್ಟಿ ಮಾಡಿಕೊಂಡೇ ಹೋಗಲು. ಗಂಡ ಮನೆಯಲ್ಲೇ ಇದ್ದರು. ಅತ್ತೆ ತಮ್ಮನನ್ನು ಜಗಲಿಯ ಮೇಲೆ ಬಾಗಿಲಿಗೆ ಎದುರಾಗಿ ಕೂರಿಸಿ, ಏನೂ ಹೇಳದೆ ಒಳಗೆ ಕೂಗಿದರು.

"ಲೇ, ನಿಮ್ ಮಾವಂಗೆ ಕಾಲಿಗೆ ನೀರು ತಾರೆ."

ಚೊಂಬು ತಂದೆ. ಬಲಗಾಲು. "ನೋಡ್ದ್ಯಾ?" ಎಂದು ಅತ್ತೆ ಕಣ್ಣಿನಲ್ಲೇ ಹೇಳಿದರು. ಒರೆಸಿಕೊಳ್ಳಲು ಬಟ್ಟೆ ತರಿಸಿದರು. ಬಲಗಾಲು. ಮಜ್ಜಿಗೆ, ಮತ್ತೆ ಉಪ್ಪು, ಮತ್ತೆ ಬೀಸಣಿಗೆ. ಒಳಗೆ ಹೋಗಿ ಬರುವುದು, ಹೋಗಿ ಬರುವುದು. ಐದನೆಯ ಸಲ ಒಳಗೆ ಹೋದಾಗ ಕಟ್ಟಿನ ಗಂಟು ಸಡಿಲವಾಗಿ ರುಮಾಲು ಮೇಲಕ್ಕೆ ಸರಿಯಿತು. ಬಿಚ್ಚಿ ಕಟ್ಟುವಷ್ಟು ಹೊತ್ತಿರಲಿಲ್ಲ. ಆಗಲೇ ಅತ್ತೆ ಎಲೆ ಅಡಿಕೆಯ ತಟ್ಟೆ ಕೇಳಿದರು.

ತಟ್ಟೆ ಹಿಡಿದು ಬಾಗಿಲಿಗೆ ಬಂದೆ. ಎರಡು ಕೈಗಳಲ್ಲೂ ತಟ್ಟೆ, ಚೌಕಟ್ಟು ಹಿಡಿಯುವ ಹಾಗಿಲ್ಲ. ಮೂವರು ಎದುರಿಗೆ ಇದ್ದರು. ಎಡಗಾಲು ಎತ್ತಿದರೆ ಹೊಳಲ್ಕೆರೆಯ ಹುಡುಗಿ ಸುಗ್ಗಿ ಕಳೆದ ಮೇಲೆ ಇದೇ ಹೊಸ್ತಿಲು ದಾಟುತ್ತಾಳೆ. ಕಟ್ಟು ಇಲ್ಲದೆಯೇ ಬಲಗಾಲು ಎತ್ತಿದೆ. ಮೂಳೆ ಕಟಕ್ ಎಂದದ್ದು ಅವರಿಗೂ ಕೇಳಿಸಿರಬೇಕು ಎನ್ನಿಸಿತು. ಕಣ್ಣು ಕತ್ತಲೆ ಬಂತು. ತಟ್ಟೆಯಿಂದ ಒಂದು ಅಡಿಕೆಯೂ ಉರುಳಲಿಲ್ಲ. ಇಟ್ಟು, ಒಳಗೆ ಬಂದು, ಕಣಜದ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಿಂತೆ. ಅಲ್ಲಿಂದಲೇ ಹೊರಗಿನ ಮಾತು ಕೇಳಿಸಿತು.

"ಗಂಡು ಬರ್ತೈತೆ ಕಣೋ ನನ್ ಮನೆಗೆ. ಇನ್ನ ಎರಡ್ನೇಯೋಳು ಯಾಕೆ? ನಿನ್ ಮಗಳಿಗೆ ದುರ್ಗದ ಕಡೆ ಒಳ್ಳೆ ಮನೆ ನೋಡು."

"ಅಕ್ಕಾ, ಕರೆಸಿದ್ದು ನೀನು. ಊರಿಗೆಲ್ಲ ಗೊತ್ತಾಗೈತೆ. ಸೊಸೆ ಕಾಲು ನೋಡಿ ನನ್ ಮಗಳನ್ನ ಬ್ಯಾಡ ಅಂತೀಯ? ನಾನು ಮುಖ ಎಲ್ಲಿಡ್ಲಿ?"

"ನಿನ್ ಮುಖಕ್ಕೋಸ್ಕರ ನನ್ ಮೊಮ್ಮಗನ ತಾಯಿಗೆ ಸವತಿ ತರ್ಲಾ?"

ಇದನ್ನು ಹೇಳಿದವರು ಅದೇ ಅತ್ತೆ! ಅವರ ತಮ್ಮ ಊಟ ಮಾಡದೆ ಎದ್ದರು. ತಂದದ್ದನ್ನೆಲ್ಲ ಮತ್ತೆ ಗಾಡಿಗೆ ಹಾಕಿಸಿಕೊಂಡು ಹೋದರು. ತಿಂಗಳೊಳಗೆ ಆ ಹುಡುಗಿಯನ್ನು ಚಿತ್ರದುರ್ಗದ ಒಂದು ಮನೆಗೆ ಕೊಟ್ಟರು, ಅಕ್ಕನನ್ನು ಮದುವೆಗೆ ಕರೆಯಲಿಲ್ಲ. ಅಕ್ಕ ತಮ್ಮನ ಹೋಗಿಬರುವುದು ಅಲ್ಲಿಗೆ ನಿಂತಿತು. ನನ್ನ ಅತ್ತೆ ಅಷ್ಟೊಂದು ಪ್ರೀತಿಸುತ್ತಿದ್ದದ್ದು ಆ ತಮ್ಮನೊಬ್ಬನನ್ನೇ. ಅದು ತಪ್ಪಿಹೋದದ್ದಕ್ಕೆ ನನಗೆ ಬೇಸರವಾಯಿತೇ ಎಂದು ಕೇಳಿದರೆ, ಇಲ್ಲ. ಆ ಹುಡುಗಿಗೆ ಮಾತ್ರ ಉಪಕಾರ ಮಾಡಿದೆ ಎಂದುಕೊಂಡಿದ್ದೇನೆ.

ಆಮೇಲೆ ದಿನ ತುಂಬುವವರೆಗೆ ನನಗೆ ಮಾಡುವುದಕ್ಕೆ ಏನೂ ಇರಲಿಲ್ಲ. ಬಲಗಾಲು ತೋರಿಸುವುದು ಮಾತ್ರ ಬಿಡಲಿಲ್ಲ. ಗಂಡೇ ಹುಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳುತ್ತೀರಿ. ಅತ್ತೆಯ ವಿಭೂತಿ ಗೆಲ್ಲುತ್ತಿತ್ತು, ನಾನು ಜೀವನವಿಡೀ ಅದನ್ನು ಕೇಳಬೇಕಾಗುತ್ತಿತ್ತು. ಅದಕ್ಕೇ ನಾನು ದಿನಾ ದೇವರ ಮುಂದೆ ನಿಂತು ಹೆಣ್ಣನ್ನೇ ಕೊಡು ಎಂದು ಬೇಡಿಕೊಂಡೆ. ಹಾಗೆ ಬೇಡಿಕೊಂಡ ಬಸುರಿ ಹೊಸದುರ್ಗದಲ್ಲಿ ಇನ್ನೊಬ್ಬಳು ಇದ್ದಳೋ ಇಲ್ಲವೋ.

ಹಗಲು ಮೂರನೆಯ ಜಾವದಲ್ಲಿ ಹೆರಿಗೆಯಾಯಿತು. ಗಂಡು ಹುಟ್ಟಿದ ಕೂಡಲೇ ಹಂಚುವುದಕ್ಕೆ ಅತ್ತೆ ಮೊದಲೇ ಸಕ್ಕರೆ ತರಿಸಿಟ್ಟಿದ್ದರು. ಅದರ ಸುದ್ದಿ ತಿಳಿದಿದ್ದ ಕೇರಿಯ ಹೆಂಗಸರು ಜಗಲಿಯ ಮೇಲೆ ಸೇರಿದ್ದರು. ಸೂಲಗಿತ್ತಿ ಮಗುವನ್ನು ಎತ್ತಿ, "ಹೆಣ್ಣು" ಎಂದಳು.

"ಸರಿಯಾಗಿ ನೋಡೇ" ಎಂದರು ಅತ್ತೆ.

"ಎಷ್ಟು ನೋಡಿದ್ರೂ ಇದ್ದದ್ದೇ ಇರೋದಲ್ಲೇನ್ರವ್ವಾ."

ಅತ್ತೆಯ ಮುಖದಲ್ಲಿ ರಕ್ತ ಇಳಿದದ್ದನ್ನು ನಾನು ಮಲಗಿದಲ್ಲಿಂದಲೇ ನೋಡಿದೆ. ಹೊರಗೆ ಹೆಂಗಸರು, "ಸಕ್ರೆ ಎಲ್ಲಿ, ಹಿರೇಮ್ಮ?" ಎಂದು ಕೇಳುತ್ತಿದ್ದರು. ಬಯಲಾಟಕ್ಕೆ ಬಂದು ನಕ್ಕಿದ್ದವರೇ ಅವರು. ನನ್ನನ್ನು ನೋಡಿ ನಕ್ಕ ಹಾಗೆಯೇ ಅತ್ತೆಯನ್ನೂ ನೋಡಿ ನಕ್ಕರು.

"ನನ್ ಬಾಯಿಗೆ ಮಣ್ಣು ಹಾಕಿದ್ಯಲ್ಲೇ" ಎಂದರು ಅತ್ತೆ ನನ್ನ ಕಡೆ ತಿರುಗಿ.

"ನಾನೇನು ಮಾಡ್ಲಿ ಅತ್ತೆ? ಕಾಲು ನೋಡಿದೋರು ನೀವು" ಎಂದೆ. ಆ ಮನೆಗೆ ಬಂದ ಮೇಲೆ ಅವರಿಗೆ ಎದುರಾಡಿದ ಮೊದಲ ಮಾತು ಅದು.

ಗಂಡ ಬಂದು ಮಗುವನ್ನು ನೋಡಿದರು. "ಇರ್ಲಿ ಬಿಡವ್ವ" ಎಂದರು. ಇರದೆ ಬೇರೆ ದಾರಿಯೂ ಇರಲಿಲ್ಲ. ಸ್ವಂತ ತಮ್ಮನ ಮಗಳನ್ನೇ ಬೇಡ ಎಂದು ಅಟ್ಟಿದ ಮನೆಗೆ ಇನ್ನು ಯಾರು ಹೆಣ್ಣು ಕೊಡುತ್ತಾರೆ? ಎರಡನೆಯ ಮದುವೆಯ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ.

ತವರಿಲ್ಲದವಳ ಬಾಣಂತನ ಅತ್ತೆಯ ಪಾಲಿಗೇ ಬಂತು. ಮೂರನೆಯ ದಿನ ನೀರು ಹಾಕಲು ಬಚ್ಚಲಿಗೆ ಕರೆದುಕೊಂಡು ಹೋದರು. ಬಚ್ಚಲಿನ ಕಲ್ಲುಕಟ್ಟೆ ನಾಲ್ಕು ಬೆರಳು ಎತ್ತರ. ನನಗೆ ದಾಟಲಾಗಲಿಲ್ಲ. ಬಲಗಾಲೂ ಏಳಲಿಲ್ಲ, ಎಡಗಾಲೂ ಏಳಲಿಲ್ಲ, ಅವರ ಮೈಮೇಲೆಯೇ ಕುಸಿದೆ. ಹಿಡಿದು ಕೂರಿಸಿ ಸೀರೆ ಬಿಚ್ಚಿದಾಗ ಸೊಂಟದ ಸುತ್ತ ರುಮಾಲು ಕೊರೆದ ಗಾಯ ಕಂಡಿತು. ಕೆಲವು ಕಡೆ ಕಪ್ಪಾಗಿ, ಕೆಲವು ಕಡೆ ಚರ್ಮ ಸುಲಿದು ಹಸಿಯಾಗಿ. ಕಟ್ಟು ಸರಿಯಾಗಿ ಹಾಕಿಕೊಂಡರೆ ಗಾಯವಾಗುವುದಿಲ್ಲ. ನಾನು ಬೇಕಾದ್ದಕ್ಕಿಂತ ಬಿಗಿದಿದ್ದೆ, ದಿನಕ್ಕೆ ಇಪ್ಪತ್ತು ಸಲ ಬಲಗಾಲು ಎತ್ತಬೇಕಾಗಿತ್ತಲ್ಲ.

ಅತ್ತೆ ಚೊಂಬು ಹಿಡಿದುಕೊಂಡೇ ನಿಂತರು. ಎಂಟು ಹೆತ್ತವರು, ಮೈ ನೋಡಿ ತಿಳಿಯದವರಲ್ಲ. "ಇಷ್ಟು ನೋವಿಟ್ಕಂಡು ಕಾಲು ಎತ್ತಿದ್ಯೇನೆ?" ಎಂದರು.

ನೀರು ಹಾಕಿ ಎಂದೆ.

ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಯಾರಿಗೂ ಬಂದಿರಲಿಲ್ಲ, ನನಗೂ ಬರಲಿಲ್ಲ. ಅವತ್ತು ಸಂಜೆ ಎಕ್ಕದ ಎಲೆ ಕಿತ್ತು ತಂದು, ಹರಳೆಣ್ಣೆ ಸವರಿ, ಹೆಂಚಿನ ಮೇಲೆ ಬಿಸಿ ಮಾಡಿ ನನ್ನ ಸೊಂಟಕ್ಕೂ ತೊಡೆಯ ಸಂದಿಗೂ ಕಾವು ಕೊಡಲು ಕುಳಿತರು. ಅದು ಅವರಿಗೆ ಗೊತ್ತಿದ್ದ ದಾರಿ. ದಿನಾ ಸಂಜೆ ಕುಳಿತರು. ಬಂದವರಿಗೆಲ್ಲ, "ನಮ್ ಸೊಸೆಗೆ ಬಾಳ ನೋವು ಕಣ್ರೀ, ಎದ್ದು ಕುಂದ್ರಾಕೂ ಆಗಲ್ಲ" ಎಂದು ಹೇಳಿದರು. ಆ ಬಾಯಿಂದ ಆ ಮಾತು ಕೇಳಲೆಂದೇ ನಾನು ಕೆಲವು ಸಲ ನರಳುತ್ತಿದ್ದೆ.

ಎರಡನೆಯ ತಿಂಗಳು ತುಂಬುವ ಹೊತ್ತಿಗೆ ನನ್ನ ನೋವು ಹೋಯಿತು. ಒಂದು ಬೆಳಿಗ್ಗೆ ಮಗ್ಗುಲು ಬದಲಿಸಿದೆ, ಕಟಕ್ ಎನ್ನಲಿಲ್ಲ. ಯಾರೂ ಇಲ್ಲದಾಗ ಎದ್ದು ಓಡಾಡಿ ನೋಡಿದೆ, ಒಂಟಿಕಾಲಿನ ಮೇಲೆ ನಿಂತು ನೋಡಿದೆ. ಏನೂ ಇರಲಿಲ್ಲ. ಹೋಗಿ ಮತ್ತೆ ಮಲಗಿಕೊಂಡೆ.

ಯಾರಿಗೂ ಹೇಳಲಿಲ್ಲ, ಗಂಡನಿಗೂ. ಮಗು ಕವುಚಿಕೊಂಡಿತು, ತೆವಳಿತು, ಅಂಬೆಗಾಲಿಟ್ಟಿತು. ಅಷ್ಟೂ ತಿಂಗಳು ನಾನು ಗೋಡೆ ಹಿಡಿದೇ ನಡೆದೆ. ಅತ್ತೆ ಅಷ್ಟೂ ತಿಂಗಳು ಸಂಜೆಯಾದರೆ ಎಲೆ ತಂದರು. ಅವರಿಗೆ ಆಗಲೇ ವಯಸ್ಸಾಗಿತ್ತು, ಮಂಡಿ ಹಿಡಿದುಕೊಳ್ಳುತ್ತಿತ್ತು, ನೆಲಕ್ಕೆ ಕುಳಿತರೆ ಏಳುವಾಗ ಎರಡು ಕೈಗಳನ್ನೂ ಊರುತ್ತಿದ್ದರು. ನಾನು ನೋಡುತ್ತಿದ್ದೆ.

ಒಂದು ಸಂಜೆ ಎಲೆಯನ್ನು ಸೊಂಟದ ಮೇಲಿಟ್ಟು, ಅದರ ಮೇಲೆ ಅಂಗೈ ಒತ್ತಿ, ನನ್ನ ಮುಖ ನೋಡಿದರು. "ಈಗ ಹೆಂಗೈತೆ?" ಎಂದು ಕೇಳಿದರು. ಐದನೆಯ ತಿಂಗಳಿನಿಂದ ನಾನು ಕಾದಿದ್ದ ಪ್ರಶ್ನೆ ಅದು. ಒಂದು ವರ್ಷದ ಮೇಲಾಗಿತ್ತು.

"ಇನ್ನೂ ಐತೆ ಅತ್ತೆ" ಎಂದೆ.

"ಆಗ್ಲಿ ತಡಿ" ಎಂದು ಅವರು ನೆಲಕ್ಕೆ ಕೈಯೂರಿ, ಒಮ್ಮೆ ಆಗದೆ ಮತ್ತೊಮ್ಮೆ ಊರಿ ಎದ್ದು, ಇನ್ನೊಂದು ಸಲ ಎಲೆ ಬಿಸಿ ಮಾಡಲು ಒಲೆಯ ಕಡೆ ಹೋದರು. ನಾನು ಕೈ ಕೊಡಲಿಲ್ಲ.